ಹವಾಮಾನ ಕ್ರಮವನ್ನು ಜನಾರೋಗ್ಯ ನೀತಿಯೊಂದಿಗೆ ಬೆಸೆಯುವ ಬಗೆ

ಕಡು ಬೇಸಿಗೆಯ ಮಧ್ಯಾಹ್ನ ಕಟ್ಟಡ ಕಾರ್ಮಿಕನೊಬ್ಬ ಕುಸಿದು ಬೀಳುತ್ತಾನೆ. ಜೊತೆಯವರು ಹೊತ್ತು ಆಸ್ಪತ್ರೆಗೆ ತರುವಷ್ಟರಲ್ಲಿ ಪ್ರಾಣ ಹೋಗಿರುತ್ತದೆ. ದಾಖಲೆ ಪುಸ್ತಕದ ಸಾವಿನ ಕಾರಣದ ಅಂಕಣದಲ್ಲಿ ‘ಹೃದಯ ಸ್ತಂಭನ’ ಎಂದು ಬರೆಯಲಾಗುತ್ತದೆ. ಬರೆದದ್ದು ಸುಳ್ಳಲ್ಲ, ಹೃದಯ ನಿಂತದ್ದು ನಿಜವೇ. ಆದರೆ ಅಂದು ಎಷ್ಟು ಡಿಗ್ರಿ ಬಿಸಿಲಿತ್ತು, ಆತ ಎಷ್ಟು ಗಂಟೆ ಕೆಲಸದಲ್ಲಿದ್ದ, ಕರೆತಂದಾಗ ಮೈಯ ತಾಪ ಎಷ್ಟಿತ್ತು ಎಂಬ ಒಂದು ಮಾತೂ ಆ ಪುಟದಲ್ಲಿ ಇರುವುದಿಲ್ಲ. ವರ್ಷದ ಕೊನೆಗೆ ಜಿಲ್ಲೆಯ ವರದಿಯು ಬಿಸಿಲಿನಿಂದ ಸತ್ತವರ ಸಂಖ್ಯೆ ಸೊನ್ನೆ ಎಂದು ಹೇಳುತ್ತದೆ, ಸೊನ್ನೆ ಎಂದಿರುವ ಕಡೆಗೆ ಹಣಕಾಸು ಇಲಾಖೆ ಅನುದಾನ ಕೊಡುವುದಿಲ್ಲ. ಹವಾಮಾನದ ಕಡತವೂ ಆರೋಗ್ಯದ ಕಡತವೂ ಒಂದಕ್ಕೊಂದು ಸಂಬಂಧವಿಲ್ಲದಂತೆ ಉಳಿದಿರುವುದಕ್ಕೆ ಇಂಥ ಪುಟಗಳೇ ಬಹುಮಟ್ಟಿಗೆ ಕಾರಣ.

ತಾತ್ವಿಕ ಒಪ್ಪಿಗೆಗೇನೂ ಕೊರತೆಯಿಲ್ಲ. 2015ರ ಪ್ಯಾರಿಸ್ ಒಪ್ಪಂದದ ಪೀಠಿಕೆಯಲ್ಲಿಯೇ ಆರೋಗ್ಯದ ಹಕ್ಕಿನ ಪ್ರಸ್ತಾಪವಿದೆ. 2023ರ ಡಿಸೆಂಬರ್‌ನಲ್ಲಿ ದುಬೈಯಲ್ಲಿ ನಡೆದ ಹವಾಮಾನ ಸಮ್ಮೇಳನದಲ್ಲಿ ಮೊದಲ ಬಾರಿಗೆ ಇಡೀ ಒಂದು ದಿನವನ್ನು ಆರೋಗ್ಯಕ್ಕೆ ಮೀಸಲಿಟ್ಟರು, 120ಕ್ಕೂ ಹೆಚ್ಚು ದೇಶಗಳು ಈ ವಿಷಯದ ಘೋಷಣೆಯನ್ನು ಅನುಮೋದಿಸಿದವು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು ಸೇರುವ ವಿಶ್ವ ಆರೋಗ್ಯ ಸಭೆಯೂ ಈ ಬಗ್ಗೆ ನಿರ್ಣಯ ಕೈಗೊಂಡಿತು. 2030ರಿಂದ 2050ರವರೆಗೆ ಅಪೌಷ್ಟಿಕತೆ, ಮಲೇರಿಯಾ, ಅತಿಸಾರ ಮತ್ತು ಬಿಸಿಲ ಬೇಗೆ ಈ ನಾಲ್ಕರಿಂದಲೇ ವರ್ಷಕ್ಕೆ ಸುಮಾರು 2.5 ಲಕ್ಷ ಹೆಚ್ಚುವರಿ ಸಾವುಗಳು ಸಂಭವಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಹಾಗಿದ್ದೂ ಹಲವು ದೇಶಗಳು ಸೇರಿ ಹಣ ಹಾಕುವ ಬಹುಪಕ್ಷೀಯ ಹವಾಮಾನ ನಿಧಿಗಳಲ್ಲಿ ಆರೋಗ್ಯಕ್ಕೆ ಸಿಗುತ್ತಿರುವ ಪಾಲು ಶೇ. 0.5ರ ಆಸುಪಾಸಿನಲ್ಲಿದೆ. ಘೋಷಣೆ ಮತ್ತು ಅನುದಾನಗಳ ನಡುವಿನ ಈ ಕಂದಕವನ್ನು ತುಂಬುವ ಕೆಲಸ ಮೂರು ಕಡೆ ನಡೆಯಬೇಕು ಎಂಬುದು ನನ್ನ ನಂಬಿಕೆ: ದಾಖಲೆ ಪುಸ್ತಕದಲ್ಲಿ, ಎಚ್ಚರಿಕೆಯ ಮಟ್ಟವನ್ನು ಗೊತ್ತುಮಾಡುವ ಆದೇಶದಲ್ಲಿ, ಮತ್ತು ಯಾವ ಕೆಲಸಕ್ಕೆ ಎಷ್ಟು ಹಣವೆಂದು ತೋರಿಸುವ ಆಯವ್ಯಯದ ಲೆಕ್ಕ ಶೀರ್ಷಿಕೆಯಲ್ಲಿ. ರಾಜ್ಯ ಅಥವಾ ಜಿಲ್ಲಾ ಮಟ್ಟದಲ್ಲಿ ಈ ಹೊಣೆ ಹೊತ್ತಿರುವ ಅಧಿಕಾರಿಗಳನ್ನೂ ಅವರೊಂದಿಗೆ ದುಡಿಯುವ ಸಂಸ್ಥೆಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಮಾತುಗಳನ್ನು ಬರೆದಿದ್ದೇನೆ.

ಎರಡು ದಾಖಲೆಗಳನ್ನು ಅಕ್ಕಪಕ್ಕ ಇಡಿ

ಆರಂಭಕ್ಕೆ ದುಬಾರಿ ಅಧ್ಯಯನವಾಗಲಿ ಹೊರಗಿನ ಸಲಹೆಗಾರರಾಗಲಿ ಬೇಕಾಗಿಲ್ಲ. ಹವಾಮಾನ ಇಲಾಖೆಯಿಂದ ಕಳೆದ ಹತ್ತು ವರ್ಷಗಳ ದೈನಂದಿನ ಗರಿಷ್ಠ ಮತ್ತು ಕನಿಷ್ಠ ಉಷ್ಣಾಂಶ, ಆರ್ದ್ರತೆ ಮತ್ತು ಮಳೆಯ ಪ್ರಮಾಣಗಳನ್ನು ಪಡೆದುಕೊಳ್ಳಿ. ಜನನ ಮರಣ ನೋಂದಣಿ ಕಚೇರಿಯಿಂದ ಅದೇ ಅವಧಿಯ ಸಾವುಗಳನ್ನು ದಿನವಾರು ಪಡೆಯಿರಿ. ಕಾರಣ ಯಾವುದೇ ಇರಲಿ, ಎಲ್ಲ ಸಾವುಗಳ ಒಟ್ಟು ಸಂಖ್ಯೆ ಬೇಕು. ಆರೋಗ್ಯ ಇಲಾಖೆಯಿಂದ ಅತಿಸಾರ, ಜ್ವರ, ಡೆಂಗಿ ಮತ್ತು ಮಲೇರಿಯಾ ಪ್ರಕರಣಗಳ ವಾರದ ಲೆಕ್ಕವನ್ನು ಕೇಳಿ. ಇವುಗಳನ್ನು ಒಂದೇ ಹಾಳೆಯ ಅಕ್ಕಪಕ್ಕದ ಅಂಕಣಗಳಲ್ಲಿ ತುಂಬಿಸಿದರೆ, ಅದುವರೆಗೆ ಯಾರ ಕಣ್ಣಿಗೂ ಬೀಳದೇ ಇದ್ದ ಚಿತ್ರ ಮೂಡತೊಡಗುತ್ತದೆ.

ಎಲ್ಲ ಕಾರಣಗಳ ಸಾವನ್ನೂ ಎಣಿಸಬೇಕು ಎನ್ನುವುದೇಕೆಂದು ಅಹಮದಾಬಾದ್ ತೋರಿಸಿಕೊಟ್ಟಿದೆ. 2010ರ ಮೇ ತಿಂಗಳಲ್ಲಿ ಆ ನಗರದ ಉಷ್ಣಾಂಶ 46.8 ಡಿಗ್ರಿ ಸೆಲ್ಸಿಯಸ್‌ಗೆ ಏರಿತ್ತು. ಆಸುಪಾಸಿನ ವರ್ಷಗಳ ಮೇ ತಿಂಗಳೊಂದಿಗೆ ಹೋಲಿಸಿ ನೋಡಿದಾಗ, 3,118 ಸಾವುಗಳು ನಿರೀಕ್ಷಿತವಾಗಿದ್ದ ಕಡೆ 4,462 ಸಾವುಗಳು ಸಂಭವಿಸಿದ್ದವು. ಅಂದರೆ 1,344 ಮಂದಿ ಹೆಚ್ಚಾಗಿ ಸತ್ತಿದ್ದರು. ಅವರಲ್ಲಿ ಬಹುತೇಕರ ಮರಣಪತ್ರದಲ್ಲಿ ಬಿಸಿಲಿನ ಹೆಸರೇ ಇರಲು ಸಾಧ್ಯವಿಲ್ಲ. ಹೃದ್ರೋಗ, ಮೂತ್ರಪಿಂಡದ ವೈಫಲ್ಯ, ಉಸಿರಾಟದ ತೊಂದರೆ ಎಂಬ ಹೆಸರುಗಳಡಿಯಲ್ಲಿ ಅವರು ಹಂಚಿಹೋಗಿರುತ್ತಾರೆ. ಒಟ್ಟು ಸಾವುಗಳನ್ನು ಹೋಲಿಸುವ ಈ ಸರಳ ಗಣಿತವನ್ನು ಲೆಕ್ಕ ಬಲ್ಲ ಯಾವ ಗುಮಾಸ್ತರಾದರೂ ಮಾಡಬಲ್ಲರು.

ಅಂಕಿಗಳನ್ನು ಜೋಡಿಸುವಾಗ ಕಾಲದ ಅಂತರವನ್ನು ಮರೆಯಬಾರದು. ಬಿಸಿಗಾಳಿಯ ಪರಿಣಾಮ ಅದೇ ದಿನ ಅಥವಾ ಮರುದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ. ಪ್ರವಾಹದ ನೀರು ಕುಡಿಯುವ ನೀರಿನೊಂದಿಗೆ ಬೆರೆತರೆ ಅತಿಸಾರ ಕೆಲವೇ ದಿನಗಳಿಂದ ಒಂದೆರಡು ವಾರಗಳಲ್ಲಿ ಹಬ್ಬುತ್ತದೆ. ಸೊಳ್ಳೆಯಿಂದ ಬರುವ ರೋಗಗಳು ಮಾತ್ರ ನಿಧಾನ: ನಿಂತ ನೀರಿನಲ್ಲಿ ಮೊಟ್ಟೆ ಒಡೆದು, ಸೊಳ್ಳೆ ಬೆಳೆದು, ಅದರ ಮೈಯೊಳಗೆ ರೋಗಾಣು ಮಾಗಿ, ಮನುಷ್ಯನನ್ನು ಕಚ್ಚಿ ಜ್ವರ ಬರಲು ಮಳೆಯಾದ ಮೇಲೆ ಒಂದರಿಂದ ಮೂರು ತಿಂಗಳು ಬೇಕಾಗಬಹುದು. ಮಳೆ ಬಿದ್ದ ವಾರವನ್ನೂ ಮಲೇರಿಯಾ ಹೆಚ್ಚಿದ ವಾರವನ್ನೂ ನೇರವಾಗಿ ಹೋಲಿಸಿ ‘ಸಂಬಂಧವೇ ಇಲ್ಲ’ ಎಂಬ ತೀರ್ಮಾನಕ್ಕೆ ಬರುವ ತಪ್ಪು ಆಗುವುದು ಇಲ್ಲಿಯೇ. ಹಾಗೆಯೇ ಉಷ್ಣಾಂಶವನ್ನು ಎಲ್ಲಿ ಅಳೆದಿದ್ದಾರೆಂದು ವಿಚಾರಿಸಿ. ಮಾಪನ ಕೇಂದ್ರ ಬಯಲಿನ ವಿಮಾನ ನಿಲ್ದಾಣದಲ್ಲಿದ್ದರೆ, ತಗಡಿನ ಮಾಡಿನ ಕೆಳಗೆ ಮಲಗುವವರು ರಾತ್ರಿಯಿಡೀ ಸಹಿಸುವ ಶಾಖ ಆ ಅಂಕಿಯಲ್ಲಿ ಕಾಣಿಸುವುದಿಲ್ಲ. ಅಂಥ ಹತ್ತಾರು ಮನೆಗಳಲ್ಲಿ ಅಗ್ಗದ ತಾಪಮಾಪಕಗಳನ್ನು ಒಂದು ಬೇಸಿಗೆಯ ಮಟ್ಟಿಗೆ ತೂಗುಹಾಕಿ ಬರೆದಿಡುವುದು ಅತ್ಯಂತ ಉಪಯುಕ್ತ.

ಮುಂದಿನ ಹೆಜ್ಜೆ ದಾಖಲೆ ಪುಸ್ತಕವನ್ನೇ ತಿದ್ದುವುದು. ಬೇಸಿಗೆಯ ತಿಂಗಳುಗಳಲ್ಲಿ ತುರ್ತು ಚಿಕಿತ್ಸಾ ವಿಭಾಗದ ಪುಸ್ತಕಕ್ಕೆ ಮೂರು ಅಂಕಣಗಳನ್ನು ಸೇರಿಸಿ: ಬಂದಾಗಿನ ದೇಹದ ತಾಪ, ಮಾಡುತ್ತಿದ್ದ ಕೆಲಸ, ಬಿಸಿಲಿನಲ್ಲಿದ್ದ ಅವಧಿ. ದೇಹದ ಒಳತಾಪ 40 ಡಿಗ್ರಿ ಸೆಲ್ಸಿಯಸ್ ದಾಟಿ ಪ್ರಜ್ಞೆಯಲ್ಲಿ ಏರುಪೇರಾಗಿದ್ದರೆ ಅದನ್ನು ಬಿಸಿಲಾಘಾತವೆಂದು ಸಂದೇಹಿಸಬೇಕೆಂಬ ಸೂಚನೆಯನ್ನು ಪುಸ್ತಕದ ಮೊದಲ ಪುಟದಲ್ಲಿಯೇ ಅಂಟಿಸಿ. ರಾತ್ರಿ ಪಾಳಿಯ ಶುಶ್ರೂಷಕಿಗೆ ಇದರಿಂದ ಅರ್ಧ ನಿಮಿಷದ ಕೆಲಸ ಹೆಚ್ಚಾಗುತ್ತದೆ ನಿಜ. ಆ ಅರ್ಧ ನಿಮಿಷವನ್ನು ಏಕೆ ಕೇಳುತ್ತಿದ್ದೇವೆಂದು ಅವರಿಗೆ ಕುಳಿತು ವಿವರಿಸದೆ ಕೇವಲ ಸುತ್ತೋಲೆ ಕಳುಹಿಸಿದರೆ ಅಂಕಣಗಳು ಖಾಲಿಯೇ ಉಳಿಯುತ್ತವೆ.

ಇಲಾಖೆಗಳ ನಡುವೆ ಮಾಹಿತಿ ಹರಿಯುವ ವ್ಯವಸ್ಥೆಯನ್ನು ಲಿಖಿತ ಆದೇಶದ ಮೂಲಕವೇ ಮಾಡಿಕೊಳ್ಳಿ. ಇಬ್ಬರು ಅಧಿಕಾರಿಗಳ ಪರಿಚಯದ ಬಲದಿಂದ ನಡೆಯುವ ವಿನಿಮಯ ಅವರಲ್ಲೊಬ್ಬರ ವರ್ಗಾವಣೆಯೊಂದಿಗೆ ನಿಂತುಹೋಗುತ್ತದೆ.

ಮಟ್ಟ ಗೊತ್ತುಮಾಡಿ, ಹೊಣೆ ಹಂಚಿ

ದಾಖಲೆಗಳು ಮಾತನಾಡತೊಡಗಿದ ಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: ಯಾವ ಮಟ್ಟ ದಾಟಿದಾಗ ಯಾರು ಏನು ಮಾಡಬೇಕು? ಅಹಮದಾಬಾದ್ ನಗರಪಾಲಿಕೆ 2013ರಲ್ಲಿ ಜಾರಿಗೆ ತಂದ ಬಿಸಿಲು ನಿರ್ವಹಣಾ ಯೋಜನೆ ದಕ್ಷಿಣ ಏಷ್ಯಾದಲ್ಲೇ ಮೊದಲನೆಯದು. ಅದರ ಶಕ್ತಿಯೆಲ್ಲ ಈ ಪ್ರಶ್ನೆಗೆ ಕೊಟ್ಟ ಸ್ಪಷ್ಟ ಉತ್ತರದಲ್ಲಿದೆ. ಮುನ್ಸೂಚನೆಯ ಉಷ್ಣಾಂಶ ಏರಿದಂತೆ ಹಳದಿ, ಕಿತ್ತಳೆ, ಕೆಂಪು ಎಂಬ ಹಂತಗಳು ಬರುತ್ತವೆ, ಪ್ರತಿ ಹಂತಕ್ಕೂ ಆಸ್ಪತ್ರೆ, ಆಂಬ್ಯುಲೆನ್ಸ್ ಸೇವೆ, ಕಾರ್ಮಿಕ ಇಲಾಖೆ ಮತ್ತು ಮಾಧ್ಯಮಗಳ ಕೆಲಸಗಳು ಮೊದಲೇ ಬರೆದಿಟ್ಟಿರುತ್ತವೆ. ಈ ಯೋಜನೆಯಿಂದ ವರ್ಷಕ್ಕೆ ಸರಾಸರಿ ಸುಮಾರು 1,190 ಸಾವುಗಳು ತಪ್ಪಿರಬಹುದೆಂದು ನಂತರದ ಅಧ್ಯಯನವೊಂದು ಅಂದಾಜಿಸಿತು.

ಆದರೆ ಅದೇ ಅಂಕಿಗಳನ್ನು ನಕಲು ಮಾಡಬೇಡಿ. ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ. ಅಲ್ಲಿ 37 ಡಿಗ್ರಿಯೂ ಒಣ ಪ್ರದೇಶದ 43 ಡಿಗ್ರಿಗಿಂತ ಅಪಾಯಕಾರಿ ಆಗಬಲ್ಲದು. ನಿಮ್ಮ ಮಟ್ಟವನ್ನು ನಿಮ್ಮ ಸಾವುಗಳ ಅಂಕಣದಿಂದಲೇ ಕಂಡುಕೊಳ್ಳಿ: ಉಷ್ಣಾಂಶವೂ ಆರ್ದ್ರತೆಯೂ ಎಲ್ಲಿಗೆ ಮುಟ್ಟಿದಾಗ ಒಟ್ಟು ಸಾವುಗಳು ಏರತೊಡಗುತ್ತವೆಯೋ ಅದಕ್ಕಿಂತ ತುಸು ಕೆಳಗೆ ಮೊದಲ ಎಚ್ಚರಿಕೆಯನ್ನು ನಿಲ್ಲಿಸಿ. ರಾತ್ರಿಯ ಕನಿಷ್ಠ ಉಷ್ಣಾಂಶವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ, ಏಕೆಂದರೆ ರಾತ್ರಿಯೂ ತಣ್ಣಗಾಗದೆ ಸತತ ಮೂರು ದಿನ ಕಳೆದರೆ ವೃದ್ಧರ ಮತ್ತು ಹೃದ್ರೋಗಿಗಳ ದೇಹಕ್ಕೆ ಚೇತರಿಸಿಕೊಳ್ಳುವ ಅವಕಾಶವೇ ಸಿಗುವುದಿಲ್ಲ.

ಹೊಣೆಯನ್ನು ಹುದ್ದೆಯ ಹೆಸರಿಗೆ ಬರೆಯಿರಿ. ‘ಸಂಬಂಧಪಟ್ಟವರು ಅಗತ್ಯ ಕ್ರಮ ಕೈಗೊಳ್ಳತಕ್ಕದ್ದು’ ಎಂಬ ವಾಕ್ಯದಿಂದ ಇದುವರೆಗೆ ಯಾರ ಪ್ರಾಣವೂ ಉಳಿದಿಲ್ಲ. ಕಿತ್ತಳೆ ಎಚ್ಚರಿಕೆ ಬಂದ ದಿನ ಆಸ್ಪತ್ರೆಯ ಉಗ್ರಾಣದ ಹೊಣೆಗಾರ ಎಷ್ಟು ಮಂಜುಗಡ್ಡೆ ಮತ್ತು ಎಷ್ಟು ಪೊಟ್ಟಣ ಓಆರ್‌ಎಸ್ ಸಿದ್ಧವಿಡಬೇಕು, ಕಾರ್ಮಿಕ ನಿರೀಕ್ಷಕರು ಯಾವ ಕಾಮಗಾರಿಗಳಿಗೆ ಎಷ್ಟು ಗಂಟೆಯ ಒಳಗೆ ಹೋಗಿ ಮಧ್ಯಾಹ್ನದ ಕೆಲಸ ನಿಲ್ಲಿಸಬೇಕು, ಆಂಬ್ಯುಲೆನ್ಸ್ ಸಿಬ್ಬಂದಿ ರೋಗಿಯ ಬಟ್ಟೆ ಸಡಿಲಿಸಿ ತಣ್ಣೀರಿನಿಂದ ಮೈ ತಂಪಾಗಿಸುವ ಕೆಲಸವನ್ನು ಇದ್ದ ಸ್ಥಳದಲ್ಲಿಯೇ ಹೇಗೆ ಆರಂಭಿಸಬೇಕು ಎಂಬಷ್ಟು ವಿವರ ಇರಲಿ. ಕೆಲವೊಮ್ಮೆ ಪರಿಹಾರಕ್ಕೆ ಹಣವೇ ಬೇಕಾಗುವುದಿಲ್ಲ. ಅಹಮದಾಬಾದ್‌ನ ಆಸ್ಪತ್ರೆಯೊಂದರಲ್ಲಿ ನವಜಾತ ಶಿಶುಗಳ ವಾರ್ಡು ನೇರ ಬಿಸಿಲು ಬೀಳುವ ಮೇಲಂತಸ್ತಿನಲ್ಲಿತ್ತು. ಅದನ್ನು ನೆಲಮಹಡಿಗೆ ಸ್ಥಳಾಂತರಿಸಿದ ಮೇಲೆ ಶಾಖದಿಂದ ಬಳಲಿ ದಾಖಲಾಗುವ ಹಸುಗೂಸುಗಳ ಸಂಖ್ಯೆ ಇಳಿಯಿತು. ನಿಮ್ಮ ವ್ಯಾಪ್ತಿಯ ಪ್ರತಿ ಆಸ್ಪತ್ರೆಯಲ್ಲೂ ಯಾವ ವಾರ್ಡು ಯಾವ ಮಹಡಿಯಲ್ಲಿದೆ ಎಂದು ಈ ವಾರವೇ ಕೇಳಿ ತಿಳಿದುಕೊಳ್ಳಬಹುದು.

ಮಳೆ ಮತ್ತು ಪ್ರವಾಹಕ್ಕೂ ಇದೇ ಕ್ರಮ ಅನ್ವಯಿಸುತ್ತದೆ. 2022ರ ಮಹಾ ಪ್ರವಾಹದ ಬಳಿಕ ಪಾಕಿಸ್ತಾನದಲ್ಲಿ ಮಲೇರಿಯಾ ಪ್ರಕರಣಗಳು ಹಿಂದಿನ ವರ್ಷದ ಸುಮಾರು 5 ಲಕ್ಷದಿಂದ 26 ಲಕ್ಷಕ್ಕೆ ಏರಿದವು. ಆಫ್ರಿಕಾದ ಮಲಾವಿ ದೇಶದಲ್ಲಿ 2022ರ ಆರಂಭದ ಚಂಡಮಾರುತದ ಹಿಂದೆಯೇ ತಲೆದೋರಿದ ಕಾಲರಾ ಮರುವರ್ಷಕ್ಕೂ ಹಬ್ಬಿ 1,700ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಪ್ರವಾಹ ಇಳಿದು ಜ್ವರ ಏರುವ ನಡುವೆ ಸಿಗುವ ವಾರಗಳೇ ನಮ್ಮ ಕೈಯಲ್ಲಿರುವ ಸಮಯ. ನದಿಯ ಮಟ್ಟ ಅಪಾಯದ ಗುರುತು ಮುಟ್ಟುತ್ತಿದ್ದಂತೆ ಕ್ಲೋರಿನ್ ಮಾತ್ರೆ, ಸೊಳ್ಳೆಪರದೆ, ಮಲೇರಿಯಾ ಪರೀಕ್ಷಾ ಕಿಟ್‌ಗಳು ಜಿಲ್ಲಾ ಉಗ್ರಾಣದಿಂದ ಹೊರಡಬೇಕು; ರಸ್ತೆ ಕೊಚ್ಚಿಹೋದ ಮೇಲೆ ಅವು ತಲುಪುವುದಿಲ್ಲ.

ಎಚ್ಚರಿಕೆ ಕೊನೆಯ ಮನೆಯವರೆಗೆ ತಲುಪಿದರೆ ಏನಾಗುತ್ತದೆ ಎಂಬುದಕ್ಕೆ ಬಾಂಗ್ಲಾದೇಶದ ಕರಾವಳಿ ಸಾಕ್ಷಿ. 1970ರ ಭೋಲಾ ಚಂಡಮಾರುತದಲ್ಲಿ ಕನಿಷ್ಠ ಮೂರು ಲಕ್ಷ ಮಂದಿ ಸತ್ತರು. 1972ರಲ್ಲಿ ಆರಂಭವಾದ ಸ್ವಯಂಸೇವಕರ ಚಂಡಮಾರುತ ಸಿದ್ಧತಾ ಕಾರ್ಯಕ್ರಮ, ಆಶ್ರಯತಾಣಗಳು ಮತ್ತು ಸುಧಾರಿಸಿದ ಮುನ್ಸೂಚನೆಗಳ ಫಲವಾಗಿ 2007ರ ಸಿದ್ರ್ ಚಂಡಮಾರುತದಲ್ಲಿ ಸತ್ತವರ ಸಂಖ್ಯೆ ಸುಮಾರು 3,400ಕ್ಕೆ ಇಳಿದಿತ್ತು. ಆರೋಗ್ಯ ಇಲಾಖೆ ಇಂಥ ವ್ಯವಸ್ಥೆಯೊಳಗೆ ಸೇರಿಕೊಳ್ಳಬೇಕೇ ಹೊರತು ಪ್ರತ್ಯೇಕ ವ್ಯವಸ್ಥೆ ಕಟ್ಟಬಾರದು. ಉದಾಹರಣೆಗೆ, ಮುಂದಿನ ಆರು ವಾರಗಳಲ್ಲಿ ಹೆರಿಗೆಯಾಗಲಿರುವ ಗರ್ಭಿಣಿಯರು, ಡಯಾಲಿಸಿಸ್‌ನಲ್ಲಿರುವವರು, ಕ್ಷಯ ಮತ್ತು ಎಚ್‌ಐವಿಗೆ ದಿನವೂ ಔಷಧಿ ತೆಗೆದುಕೊಳ್ಳುವವರ ಪಟ್ಟಿ ಗ್ರಾಮದ ಆರೋಗ್ಯ ಕಾರ್ಯಕರ್ತೆಯ ಅಥವಾ ಆರೋಗ್ಯ ಕೇಂದ್ರದ ಬಳಿ ಇರಬಹುದು. ಋತು ಆರಂಭವಾಗುವ ಮುನ್ನ ಆ ಪಟ್ಟಿಯ ಒಂದು ನಕಲು ಆಶ್ರಯತಾಣದ ಹೊಣೆಗಾರರ ಕೈ ಸೇರಿದರೆ, ಬಿರುಗಾಳಿಯ ರಾತ್ರಿ ಯಾರನ್ನು ಮೊದಲು ಕರೆತರಬೇಕೆಂದು ಹುಡುಕಾಡುವ ಸಂದರ್ಭವೇ ಬರುವುದಿಲ್ಲ. ರೋಗದ ಹೆಸರು ಬರೆಯದೆ ‘ನೆರವು ಬೇಕಾದವರು’ ಎಂದಷ್ಟೇ ಗುರುತಿಸಿ. ಕಾಯಿಲೆಯ ಗೋಪ್ಯತೆ ಆಪತ್ತಿನಲ್ಲಿಯೂ ಜನರ ಹಕ್ಕೇ.

ಹೊಗೆಯ ಲೆಕ್ಕ

ಇದುವರೆಗಿನದು ಹಾನಿಯಿಂದ ಕಾಪಾಡಿಕೊಳ್ಳುವ ಮಾತಾಯಿತು. ಹೊರಸೂಸುವಿಕೆಯನ್ನು ತಗ್ಗಿಸುವ ಕಡೆಯಲ್ಲಿ ಆರೋಗ್ಯ ಇಲಾಖೆಗೆ ಇನ್ನೂ ಬಲವಾದ ವಾದವಿದೆ, ಏಕೆಂದರೆ ಭೂಮಿಯನ್ನು ಬಿಸಿ ಮಾಡುವ ಅನಿಲವನ್ನೂ ಶ್ವಾಸಕೋಶವನ್ನು ಕೆಡಿಸುವ ಸೂಕ್ಷ್ಮ ಕಣವನ್ನೂ ಉಗುಳುವುದು ಬಹಳಷ್ಟು ಕಡೆ ಒಂದೇ ಬೆಂಕಿ. ಪಿಎಂ 2.5 ಎಂದು ಕರೆಯುವ ಈ ಸೂಕ್ಷ್ಮ ಕಣಗಳ ವಾರ್ಷಿಕ ಸರಾಸರಿ ಘನ ಮೀಟರಿಗೆ 5 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ಮಾರ್ಗಸೂಚಿಯನ್ನು ಬಿಗಿಗೊಳಿಸಿತು. ಸುಮಾರು 210 ಕೋಟಿ ಜನರು ಇಂದಿಗೂ ಕಟ್ಟಿಗೆ, ಬೆರಣಿ, ಇದ್ದಿಲು, ಸೀಮೆಎಣ್ಣೆಗಳ ಒಲೆಯ ಮುಂದೆ ಅಡುಗೆ ಮಾಡುತ್ತಾರೆ. ಮನೆಯೊಳಗಿನ ಈ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ 32 ಲಕ್ಷ ಜನರು ಸತ್ತರೆಂದು ಅದೇ ಸಂಸ್ಥೆಯ ಅಂದಾಜು ಹೇಳುತ್ತದೆ.

ಇದನ್ನು ನೀತಿಗೆ ಇಳಿಸುವ ದಾರಿಯೆಂದರೆ, ಪ್ಯಾರಿಸ್ ಒಪ್ಪಂದದಡಿ ದೇಶವು ಸಲ್ಲಿಸುವ ರಾಷ್ಟ್ರೀಯ ಬದ್ಧತೆಯ ಕರಡು ಸಿದ್ಧವಾಗುವ ಹೊತ್ತಿನಲ್ಲಿಯೇ ಆರೋಗ್ಯ ಸಚಿವಾಲಯ ಆ ಮೇಜಿನ ಬಳಿ ಕುಳಿತಿರುವುದು. ಕಲ್ಲಿದ್ದಲು ಸ್ಥಾವರದ ನಿವೃತ್ತಿ, ಬಸ್ಸುಗಳ ಹೆಚ್ಚಳ, ಅಡುಗೆ ಇಂಧನದ ಬದಲಾವಣೆ ಹೀಗೆ ಪ್ರತಿಯೊಂದು ಕ್ರಮದ ಎದುರಿಗೂ ಇಂಗಾಲದ ಟನ್ನುಗಳ ಜೊತೆಗೆ ತಪ್ಪುವ ಸಾವುಗಳು ಮತ್ತು ಉಳಿಯುವ ಚಿಕಿತ್ಸಾ ವೆಚ್ಚವನ್ನು ಬರೆಯಬೇಕು. ಗಾಳಿಯ ಮಾಲಿನ್ಯ ಇಳಿದಾಗ ತಪ್ಪುವ ಸಾವುಗಳನ್ನು ಅಂದಾಜಿಸಲು ವಿಶ್ವ ಆರೋಗ್ಯ ಸಂಸ್ಥೆಯ ಏರ್‌ಕ್ಯೂ ಪ್ಲಸ್ ಎಂಬ ಉಚಿತ ತಂತ್ರಾಂಶವಿದೆ. ಕರಡು ಮುಗಿದ ಮೇಲೆ ಅಭಿಪ್ರಾಯಕ್ಕಾಗಿ ಬರುವ ಕಡತದಲ್ಲಿ ಒಂದು ಪ್ಯಾರಾ ಸೇರಿಸಬಹುದೇ ಹೊರತು ಆದ್ಯತೆಯನ್ನು ಬದಲಾಯಿಸಲಾಗದು.

ಅಡುಗೆ ಅನಿಲವೂ ಪಳೆಯುಳಿಕೆ ಇಂಧನವೇ ಆದ್ದರಿಂದ ಅದನ್ನು ಪ್ರೋತ್ಸಾಹಿಸಬಾರದೆಂಬ ವಾದ ಕೆಲವು ಸಭೆಗಳಲ್ಲಿ ಕೇಳಿಬರುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಹೊಗೆಯಲ್ಲಿ ಕೂಸನ್ನು ಕಂಕುಳಲ್ಲಿರಿಸಿಕೊಂಡು ಊದುಗೊಳವೆ ಹಿಡಿದ ತಾಯಿಗೆ, ಪರಿಪೂರ್ಣ ಇಂಧನ ಬರುವವರೆಗೆ ಕಾಯಿರಿ ಎಂದು ಹೇಳುವ ನೈತಿಕ ಅಧಿಕಾರ ಯಾರಿಗೂ ಇಲ್ಲ. ವಿದ್ಯುತ್ ಒಲೆಗೆ ಸಾಕಷ್ಟು ವಿದ್ಯುತ್ ಇರುವಲ್ಲಿ ಅದನ್ನೇ ಆರಿಸಿ, ಇಲ್ಲದಲ್ಲಿ ಅನಿಲ ಕೊಡಿ. ಆದರೆ ಕೊಟ್ಟ ಸಂಪರ್ಕಗಳನ್ನಲ್ಲ, ವರ್ಷದಲ್ಲಿ ಮರುಭರ್ತಿಯಾದ ಸಿಲಿಂಡರುಗಳನ್ನು ಎಣಿಸಿ. ಎರಡನೆಯ ಸಿಲಿಂಡರು ಕೊಳ್ಳಲಾಗದ ಮನೆ ಮತ್ತೆ ಕಟ್ಟಿಗೆಗೆ ಮರಳಿರುತ್ತದೆ.

ಆಸ್ಪತ್ರೆಯ ವಿದ್ಯುತ್ತು

ಕೆಳ ಮತ್ತು ಕೆಳಮಧ್ಯಮ ಆದಾಯದ ದೇಶಗಳಲ್ಲಿ ಸುಮಾರು 100 ಕೋಟಿ ಜನರು ನಂಬಿರುವ ಆರೋಗ್ಯ ಕೇಂದ್ರಗಳಿಗೆ ಒಂದೋ ವಿದ್ಯುತ್ ಇಲ್ಲ, ಇಲ್ಲವೇ ಭರವಸೆಯ ವಿದ್ಯುತ್ ಇಲ್ಲ. ಸೌರಫಲಕಗಳನ್ನು ಹಾಕಿಸಿದರೆ ಎರಡೂ ಗುರಿಗಳು ಒಟ್ಟಿಗೆ ಈಡೇರುತ್ತವೆ: ಡೀಸೆಲ್ ಉರಿಯುವುದು ತಪ್ಪುತ್ತದೆ, ಲಸಿಕೆಗಳು 2ರಿಂದ 8 ಡಿಗ್ರಿಯ ನಡುವೆ ಉಳಿಯುತ್ತವೆ, ನಡುರಾತ್ರಿಯ ಹೆರಿಗೆ ಟಾರ್ಚಿನ ಬೆಳಕಿನಲ್ಲಿ ಆಗುವುದಿಲ್ಲ. ಸೋಲುವುದು ಹೆಚ್ಚಾಗಿ ನಿರ್ವಹಣೆಯಲ್ಲಿ. ಬ್ಯಾಟರಿ ಕೆಲವು ವರ್ಷಗಳಲ್ಲಿ ಸವೆಯುತ್ತದೆ, ಬದಲಾಯಿಸಲು ಲೆಕ್ಕ ಶೀರ್ಷಿಕೆಯೇ ಇರುವುದಿಲ್ಲ, ಮಾಡಿನ ಮೇಲಿನ ಫಲಕ ನಿರುಪಯುಕ್ತವಾಗಿ ಬಿದ್ದಿರುತ್ತದೆ. ಆದ್ದರಿಂದ ಮಂಜೂರಾತಿ ಪತ್ರದಲ್ಲಿಯೇ ಬ್ಯಾಟರಿ ಬದಲಾವಣೆಯ ವರ್ಷವನ್ನೂ ಹಣವನ್ನೂ ನಮೂದಿಸಿ. ಅದಿಲ್ಲದ ಪ್ರಸ್ತಾವನೆಗೆ ಸಹಿ ಹಾಕಬೇಡಿ. ಪ್ರವಾಹ ಪ್ರದೇಶದಲ್ಲಿ ಬ್ಯಾಟರಿ, ಶೀತಕ ಪೆಟ್ಟಿಗೆ ಮತ್ತು ಜನರೇಟರು ದಾಖಲಾದ ಅತಿ ಎತ್ತರದ ನೀರಿನ ಗುರುತಿಗಿಂತ ಮೇಲಿರಲಿ.

ಆರೋಗ್ಯ ಸೇವೆಗಳ ಹೊರಸೂಸುವಿಕೆ ಜಗತ್ತಿನ ಒಟ್ಟು ಮೊತ್ತದಲ್ಲಿ ಶೇ. 5ರಷ್ಟಿದ್ದರೂ ಅದರ ದೊಡ್ಡ ಪಾಲು ಶ್ರೀಮಂತ ದೇಶಗಳದ್ದು. ಬಡ ದೇಶದ ಆಸ್ಪತ್ರೆಗೆ ಆ ಹೊರೆಯನ್ನು ಹೊರಿಸುವುದು ನ್ಯಾಯವಲ್ಲ. ಇಂಗಾಲ ಡೈಆಕ್ಸೈಡ್‌ಗಿಂತ ಸುಮಾರು 2,500 ಪಟ್ಟು ಶಾಖ ಹಿಡಿಯುವ ಡೆಸ್‌ಫ್ಲೂರೇನ್ ಅರಿವಳಿಕೆಯನ್ನು ಕೈಬಿಡುವಂಥ, ಖರ್ಚನ್ನೂ ಉಳಿಸುವ ಕ್ರಮಗಳಿಂದ ತೊಡಗಿದರೆ ಸಾಕು.

ಹಣ ಎಲ್ಲಿಂದ, ಯಾವಾಗ

ಹವಾಮಾನ ನಿಧಿಗಳಿಗೆ ಅರ್ಜಿ ಹಾಕುವ ಆರೋಗ್ಯ ಇಲಾಖೆಗಳು ಎಡವುವುದು ಸಾಮಾನ್ಯವಾಗಿ ಒಂದೇ ಕಡೆ: ಅತಿಸಾರವೂ ಮಲೇರಿಯಾವೂ ಮೊದಲಿನಿಂದಲೂ ಇದ್ದ ರೋಗಗಳಲ್ಲವೇ, ಇದರಲ್ಲಿ ಹವಾಮಾನದ ಪಾಲೆಷ್ಟು ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ. ಅಕ್ಕಪಕ್ಕ ಇಟ್ಟ ಎರಡು ದಾಖಲೆಗಳು ಬೇಕಾಗುವುದು ಇಲ್ಲಿಯೇ. ನಿಮ್ಮದೇ ಜಿಲ್ಲೆಗಳ ಹತ್ತು ವರ್ಷಗಳ ಅಂಕಿಗಳು ಪ್ರಸ್ತಾವನೆಯ ಮೊದಲ ಅಧ್ಯಾಯವಾಗಲಿ. ಅಂತರರಾಷ್ಟ್ರೀಯ ಹಸಿರು ಹವಾಮಾನ ನಿಧಿಯು ಅಭಿವೃದ್ಧಿಶೀಲ ದೇಶಗಳಿಗೆ, ಹವಾಮಾನ ಬದಲಾವಣೆಗೆ ಹೊಂದಿಕೊಳ್ಳುವ ಬಗೆಯನ್ನು ಹೇಳುವ ರಾಷ್ಟ್ರೀಯ ಹೊಂದಾಣಿಕೆ ಯೋಜನೆ ರೂಪಿಸಲು ತಲಾ 30 ಲಕ್ಷ ಡಾಲರ್‌ವರೆಗೆ ನೆರವು ನೀಡುವ ವ್ಯವಸ್ಥೆ ಮಾಡಿದೆ. ಆ ಯೋಜನೆಯಲ್ಲಿ ಆರೋಗ್ಯದ ಅಧ್ಯಾಯವನ್ನು ಪರಿಸರ ಸಚಿವಾಲಯದವರೇ ಬರೆದುಕೊಳ್ಳಲಿ ಎಂದು ಬಿಟ್ಟುಬಿಡಬೇಡಿ. ಈ ಬಿಕ್ಕಟ್ಟಿಗೆ ಅತಿ ಕಡಿಮೆ ಕಾರಣರಾದವರು ಅತಿ ಹೆಚ್ಚು ಬೆಲೆ ತೆರುತ್ತಿದ್ದಾರೆ. ನೆರವು ಕೇಳುವಾಗ ಸಂಕೋಚಪಡಬೇಕಾದ ಕಾರಣವಿಲ್ಲ.

ಹೊರಗಿನ ನಿಧಿ ಬರಲು ವರ್ಷಗಳೇ ಹಿಡಿಯಬಹುದಾದ್ದರಿಂದ ಸ್ವಂತ ಆಯವ್ಯಯದೊಳಗೆ ಮಾಡಿಕೊಳ್ಳಬೇಕಾದ ಏರ್ಪಾಡು ಹೆಚ್ಚು ಮುಖ್ಯ. ಹೊಸ ಕಾರ್ಯಕ್ರಮ, ಹೊಸ ನಿರ್ದೇಶನಾಲಯ ಬೇಡ. ಈಗಾಗಲೇ ಇರುವ ಮಲೇರಿಯಾ ನಿಯಂತ್ರಣ, ತಾಯಿ ಮತ್ತು ಮಗುವಿನ ಆರೋಗ್ಯ, ಕುಡಿಯುವ ನೀರಿನ ಶೀರ್ಷಿಕೆಗಳಡಿ ಒಂದೊಂದು ಉಪಶೀರ್ಷಿಕೆ ತೆರೆಯಿರಿ, ಮತ್ತು ಎಚ್ಚರಿಕೆಯ ಮಟ್ಟ ದಾಟಿದ ದಿನವೇ ಜಿಲ್ಲಾ ಆರೋಗ್ಯಾಧಿಕಾರಿ ಒಂದು ನಿಗದಿತ ಮೊತ್ತವನ್ನು ಮೇಲಿನ ಅನುಮತಿಗೆ ಕಾಯದೆ ಖರ್ಚು ಮಾಡುವ ಅಧಿಕಾರವನ್ನು ಹಣಕಾಸು ಇಲಾಖೆಯಿಂದ ಮುಂಚಿತವಾಗಿ ಪಡೆಯಿರಿ. ಇದು ಆಗದ ಮಾತಲ್ಲ. 2020ರ ಜುಲೈನಲ್ಲಿ ಬಾಂಗ್ಲಾದೇಶದಲ್ಲಿ ಪ್ರವಾಹದ ಮುನ್ಸೂಚನೆ ಬಂದ ಕೂಡಲೇ, ನೀರು ಗರಿಷ್ಠ ಮಟ್ಟಕ್ಕೆ ಏರುವ ಮೊದಲೇ, ವಿಶ್ವಸಂಸ್ಥೆಯ ಕೇಂದ್ರ ತುರ್ತು ನಿಧಿಯಿಂದ 52 ಲಕ್ಷ ಡಾಲರ್ ಬಿಡುಗಡೆಯಾಯಿತು. ಮೊದಲೇ ಒಪ್ಪಿಕೊಂಡ ಮಟ್ಟ ಮತ್ತು ಮೊದಲೇ ಬರೆದಿಟ್ಟ ಖರ್ಚಿನ ಪಟ್ಟಿ ಇದ್ದುದರಿಂದಲೇ ಅದು ಸಾಧ್ಯವಾದದ್ದು.

ಋತು ಮುಗಿದ ಮೇಲೆ

ಬೇಸಿಗೆ ಅಥವಾ ಮಳೆಗಾಲ ಕಳೆದು ಒಂದು ತಿಂಗಳೊಳಗೆ ಆರೋಗ್ಯ, ಹವಾಮಾನ, ಕಾರ್ಮಿಕ ಮತ್ತು ನೀರು ಸರಬರಾಜು ಇಲಾಖೆಗಳ ಒಬ್ಬೊಬ್ಬ ಅಧಿಕಾರಿ, ಜೊತೆಗೆ ಒಬ್ಬ ಗ್ರಾಮ ಆರೋಗ್ಯ ಕಾರ್ಯಕರ್ತೆ ಒಂದು ಪೂರ್ತಿ ದಿನ ಕುಳಿತುಕೊಳ್ಳಲಿ. ಮೇಜಿನ ಮೇಲೆ ವರದಿಗಳಿಗಿಂತ ಮೂಲ ದಾಖಲೆ ಪುಸ್ತಕಗಳೇ ಇರಲಿ. ಎಚ್ಚರಿಕೆ ಹೊರಟದ್ದು ಎಷ್ಟು ಗಂಟೆಗೆ, ಕಾಮಗಾರಿಯ ಸ್ಥಳಕ್ಕೆ ತಲುಪಿದ್ದು ಎಷ್ಟು ಗಂಟೆಗೆ, ಮಂಜುಗಡ್ಡೆ ಬಂದದ್ದು ಯಾವಾಗ ಎಂದು ದಿನವಾರು ನೋಡಿ, ಸಾವು ಹೆಚ್ಚಾದ ಪ್ರತಿ ದಿನದ ಹಿಂದಿನ 48 ಗಂಟೆಗಳನ್ನು ಬಿಡಿಸಿ ಓದಿ. ಎಚ್ಚರಿಕೆ ಹೊರಡುವ ಮೊದಲೇ ಸಾವು ಏರಿದ್ದರೆ ಮಟ್ಟವನ್ನು ಇಳಿಸಿ. ಎಚ್ಚರಿಕೆ ಹೊರಟೂ ಸಾವು ಏರಿದ್ದರೆ ಅದು ಯಾವ ಮೇಜಿನಲ್ಲಿ ತಡೆದು ನಿಂತಿತೆಂದು ಹುಡುಕಿ, ಆ ಹುದ್ದೆಯ ಕೆಲಸವನ್ನು ಆದೇಶದಲ್ಲಿ ಮತ್ತೊಮ್ಮೆ ಬರೆಯಿರಿ. ಕಾರ್ಯಕರ್ತೆಯ ಮಾತನ್ನು ಕೊನೆಗೆ ಉಳಿಸದೆ ಮೊದಲು ಕೇಳಿ, ಏಕೆಂದರೆ ಅಂಕಣದಲ್ಲಿ ಬಾರದ ಸಾವುಗಳು ಆಕೆಗೆ ಹೆಸರು ಸಹಿತ ಗೊತ್ತಿರುತ್ತವೆ. ಪರಿಷ್ಕರಿಸಿದ ಆದೇಶ ಮುಂದಿನ ಋತುವಿಗೆ ಎರಡು ತಿಂಗಳು ಇರುವಾಗಲೇ ಹೊರಬೀಳಲಿ. ಹೊಸ ಅಂಕಣಗಳಿರುವ ದಾಖಲೆ ಪುಸ್ತಕಗಳ ಮುದ್ರಣಕ್ಕೆ ಅಷ್ಟು ಸಮಯ ಬೇಕಾಗುತ್ತದೆ.